ಬ್ಯಾಟರಿಯೋ, ಪಂಪ್ಡ್ ಸ್ಟೋರೇಜೋ, ಕಲ್ಲಿದ್ದಲೋ: ಗ್ರಿಡ್ ಸ್ಥಿರತೆಗೆ ಯಾವಾಗ ಯಾವುದು?

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಡುಮಧ್ಯಾಹ್ನ ಕೊಡುವ ವಿದ್ಯುತ್ತನ್ನು ಸಂಜೆ ಏಳಕ್ಕೆ ಕೊಡಲಾರದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಕೊರತೆಯನ್ನು ತುಂಬುವ ಬಗೆ ಯಾವುದೆಂದು ಕೇಳಿದರೆ ಮಾತ್ರ ಉತ್ತರಗಳು ದಿಕ್ಕಿಗೊಂದಾಗುತ್ತವೆ. ಕೆಲವರು ಬ್ಯಾಟರಿ ಎನ್ನುತ್ತಾರೆ, ಕೆಲವರು ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವುದು) ಎನ್ನುತ್ತಾರೆ, ಇನ್ನು ಕೆಲವರು ರಾಯಚೂರು ಮತ್ತು ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನೇ ಏರಿಸಿ ಇಳಿಸಿ ನಡೆಸಿದರೆ ಸಾಕೆನ್ನುತ್ತಾರೆ. ರೈತರ ಪಂಪ್‌ಸೆಟ್‌ಗಳನ್ನು ಹಗಲಿಗೆ ತಂದರೆ ಅರ್ಧ ಸಮಸ್ಯೆ ತೀರಿತೆನ್ನುವವರೂ ಇದ್ದಾರೆ. ಪ್ರತಿಯೊಬ್ಬರ ಬಳಿಯೂ ಯೂನಿಟ್‌ಗೆ ಇಷ್ಟು ರೂಪಾಯಿ ಎಂಬ ಲೆಕ್ಕವಿರುತ್ತದೆ. ನನ್ನ ಮಟ್ಟಿಗೆ ಈ ವಾದದ ತೊಡಕು ಇರುವುದೇ ಆ ಒಂದೇ ಅಳತೆಗೋಲಿನಲ್ಲಿ. ಗ್ರಿಡ್‌ನ ಸ್ಥಿರತೆ ಎಂಬ ಒಂದೇ ಹೆಸರಿನಡಿ ಸೆಕೆಂಡುಗಳ ಸಮಸ್ಯೆ, ಗಂಟೆಗಳ ಸಮಸ್ಯೆ ಮತ್ತು ತಿಂಗಳುಗಳ ಸಮಸ್ಯೆ ಎಂಬ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದಕ್ಕೆ ಹೇಳಿಮಾಡಿಸಿದ ಪರಿಹಾರ ಇನ್ನೊಂದಕ್ಕೆ ನಿರುಪಯೋಗಿಯಾಗಬಹುದು. ಆದ್ದರಿಂದ ಇಲ್ಲಿನ ಹೋಲಿಕೆಯನ್ನು ಬೆಲೆಯ ಬದಲು ಅವಧಿಯನ್ನು ಹಿಡಿದು ಮಾಡಲಾಗಿದೆ.

ಸೆಕೆಂಡುಗಳ ಲೆಕ್ಕ

ಭಾರತದ ಗ್ರಿಡ್ 50 ಹರ್ಟ್ಜ್ ಆವರ್ತನದಲ್ಲಿ, ಅಂದರೆ ವಿದ್ಯುತ್ ಸೆಕೆಂಡಿಗೆ 50 ಬಾರಿ ಆವರ್ತಿಸುವಂತೆ, ನಡೆಯುತ್ತದೆ; ನಿಯಮದ ಪ್ರಕಾರ ಅದು 49.90 ಮತ್ತು 50.05ರ ನಡುವೆ ಇರಬೇಕು. ಉತ್ಪಾದನೆ ಬೇಡಿಕೆಗಿಂತ ಕಡಿಮೆಯಾದೊಡನೆ ಆವರ್ತನ ಇಳಿಯತೊಡಗುತ್ತದೆ, ಹೆಚ್ಚಾದರೆ ಏರುತ್ತದೆ. ಅದು 49.4ಕ್ಕೆ ಕುಸಿದರೆ ರಿಲೇಗಳೆಂಬ ಸ್ವಯಂಚಾಲಿತ ರಕ್ಷಣಾ ಸಾಧನಗಳು ಯಾರ ಅಪ್ಪಣೆಗೂ ಕಾಯದೆ ಊರುಗಳಿಗೆ ವಿದ್ಯುತ್ ಒಯ್ಯುವ ಫೀಡರ್‌ಗಳನ್ನು ಕತ್ತರಿಸಲು ಆರಂಭಿಸುತ್ತವೆ, 49.2, 49.0 ಮತ್ತು 48.8ರಲ್ಲಿ ಮತ್ತಷ್ಟು ಫೀಡರ್‌ಗಳು ಹೋಗುತ್ತವೆ. ಈ ಕುಸಿತವನ್ನು ಮೊದಲ ಕೆಲವು ಸೆಕೆಂಡುಗಳಲ್ಲಿ ತಡೆಹಿಡಿಯುವುದು ಯಾವ ಅಧಿಕಾರಿಯ ನಿರ್ಧಾರವೂ ಅಲ್ಲ, ನೂರಾರು ಟನ್ ತೂಕದ ಟರ್ಬೈನ್ ಮತ್ತು ಜನರೇಟರ್‌ಗಳ ತಿರುಗುವಿಕೆ. ಕರೆಂಟು ಹೋದ ಮೇಲೂ ಹಿಟ್ಟಿನ ಗಿರಣಿಯ ಕಲ್ಲು ಕೆಲವು ಸುತ್ತು ತಿರುಗುತ್ತಲೇ ಇರುವಂತೆ, ಈ ಯಂತ್ರಗಳು ತಮ್ಮ ಚಲನೆಯಲ್ಲಿರುವ ಶಕ್ತಿಯನ್ನು ಗ್ರಿಡ್‌ಗೆ ಬಿಟ್ಟುಕೊಟ್ಟು, ಇತರ ವ್ಯವಸ್ಥೆಗಳು ಎಚ್ಚೆತ್ತುಕೊಳ್ಳುವಷ್ಟು ಸಮಯವನ್ನು ಗಳಿಸಿಕೊಡುತ್ತವೆ. ಇದನ್ನೇ ಜಡತ್ವ ಎನ್ನುವುದು. ಸೌರ ಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಅದು ನೇರ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿಸುವ ಇನ್ವರ್ಟರ್ ಮೂಲಕ ಗ್ರಿಡ್‌ಗೆ ಸೇರುತ್ತದೆ. ಹಗಲಿನಲ್ಲಿ ಸೌರವಿದ್ಯುತ್ತಿನ ಪಾಲು ಹೆಚ್ಚಿ ಕಲ್ಲಿದ್ದಲಿನ ಘಟಕಗಳು ನಿಂತಷ್ಟೂ ಗ್ರಿಡ್‌ನ ಈ ಸಹಜ ತಡೆಶಕ್ತಿ ಕ್ಷೀಣಿಸುತ್ತದೆ.

ಇಲ್ಲಿ ಬ್ಯಾಟರಿ ಎಲ್ಲಕ್ಕಿಂತ ಮುಂದಿದೆ. ಬಾಯ್ಲರ್ ಕಾಯಿಸುವುದು, ಗೇಟು ತೆರೆಯುವುದು ಇವಾವುವೂ ಇಲ್ಲದ ಕಾರಣ ಅದು ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಸ್ಪಂದಿಸಬಲ್ಲದು. ದಕ್ಷಿಣ ಆಸ್ಟ್ರೇಲಿಯದ ಹಾರ್ನ್ಸ್‌ಡೇಲ್‌ನಲ್ಲಿ 2017ರ ಕೊನೆಗೆ ಕಾರ್ಯಾರಂಭ ಮಾಡಿದ 100 ಮೆಗಾವ್ಯಾಟ್ ಬ್ಯಾಟರಿ ತನ್ನ ಹೆಸರು ಗಳಿಸಿದ್ದು ರಾತ್ರಿಯಿಡೀ ದೀಪ ಉರಿಸಿ ಅಲ್ಲ, ಆವರ್ತನವನ್ನು ಹಿಡಿದಿಡುವ ಈ ಚುರುಕು ಸೇವೆಯಿಂದ. ಅದೇ ರಾಜ್ಯ ಅಷ್ಟಕ್ಕೇ ನಿಲ್ಲದೆ ಡೇವನ್‌ಪೋರ್ಟ್ ಮತ್ತು ರಾಬರ್ಟ್‌ಸ್‌ಟೌನ್‌ಗಳಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್‌ಗಳನ್ನು 2021ರಲ್ಲಿ ಜೋಡಿಸಿತು. ಇವು ಇಂಧನವನ್ನೇ ಸುಡದೆ ಸುಮ್ಮನೆ ತಿರುಗುತ್ತಾ ಜಡತ್ವವನ್ನೂ ವೋಲ್ಟೇಜ್‌ಗೆ ಆಸರೆಯನ್ನೂ ಒದಗಿಸುವ ಯಂತ್ರಗಳು. ಒಂದು ಯೂನಿಟ್ ವಿದ್ಯುತ್ತನ್ನೂ ಅವು ಉತ್ಪಾದಿಸುವುದಿಲ್ಲ. ಯೂನಿಟ್‌ಗೆ ಎಷ್ಟು ರೂಪಾಯಿ ಎಂದು ಕೇಳುವವರ ಪಟ್ಟಿಯಲ್ಲಿ ಇವುಗಳಿಗೆ ಜಾಗವೇ ಸಿಗುವುದಿಲ್ಲ, ಆದರೂ ಗ್ರಿಡ್‌ಗೆ ಇವು ಬೇಕು.

ದುಬಾರಿ ಯಂತ್ರಗಳಿಗೆ ಮುನ್ನ ನೋಡಬೇಕಾದ ಅಗ್ಗದ ಸಂಗತಿಯೊಂದಿದೆ. ದಕ್ಷಿಣ ಆಸ್ಟ್ರೇಲಿಯ 2016ರ ಸೆಪ್ಟೆಂಬರ್ 28ರಂದು ಪೂರ್ತಿ ಕತ್ತಲಾದಾಗ, ಬಿರುಗಾಳಿಗೆ ಪ್ರಸರಣ ಗೋಪುರಗಳು ಉರುಳಿದ್ದು ನಿಜ. ಆದರೆ ವೋಲ್ಟೇಜ್ ಪದೇಪದೇ ಕುಸಿದಾಗ ಹಲವು ಪವನ ವಿದ್ಯುತ್ ಕೇಂದ್ರಗಳು ತಮ್ಮೊಳಗಿನ ರಕ್ಷಣಾ ಸೆಟ್ಟಿಂಗ್‌ನಂತೆ ಉತ್ಪಾದನೆಯನ್ನು ಒಟ್ಟು 456 ಮೆಗಾವ್ಯಾಟ್‌ನಷ್ಟು ತಗ್ಗಿಸಿದ್ದೇ ಕೊನೆಯ ಪೆಟ್ಟಾಯಿತು. ಆ ಸೆಟ್ಟಿಂಗ್ ಹೀಗಿದೆ ಎಂಬುದು ಗ್ರಿಡ್ ನಡೆಸುವವರಿಗೆ ಮೊದಲೇ ತಿಳಿದಿರಲಿಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದದ್ದಂತೂ ವಿದ್ಯುತ್ತಿನ ಕೊರತೆಯಿಂದಲ್ಲ, ವೋಲ್ಟೇಜ್ ಮಿತಿಮೀರಿ ಏರಿ ಒಂದರ ಹಿಂದೊಂದು ಸ್ಥಾವರ ಕಳಚಿಕೊಂಡದ್ದರಿಂದ. ಅಲ್ಲಿನ ಬಹುಪಾಲು ಸೌರ ಮತ್ತು ಪವನ ಸ್ಥಾವರಗಳು ವೋಲ್ಟೇಜ್ ನಿಯಂತ್ರಣದಲ್ಲಿ ಪಾಲ್ಗೊಳ್ಳದೆ, ವೋಲ್ಟೇಜ್ ಏರಿಳಿದರೂ ಅದಕ್ಕೆ ಸ್ಪಂದಿಸದ ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ ನಡೆಯುತ್ತಿದ್ದವು. ಈಗಾಗಲೇ ಕೊಂಡು ಕೂರಿಸಿರುವ ಇನ್ವರ್ಟರ್‌ಗಳಿಂದ ವೋಲ್ಟೇಜ್ ನಿಯಂತ್ರಣದ ಕೆಲಸ ಮಾಡಿಸುವುದು, ಅವುಗಳ ಸೆಟ್ಟಿಂಗ್‌ಗಳನ್ನು ಕ್ಷೇತ್ರದಲ್ಲೇ ಪರೀಕ್ಷಿಸುವುದು, ಹೊಸ ಬ್ಯಾಟರಿ ಟೆಂಡರ್‌ಗಳಲ್ಲಿ ತಾನೇ ವೋಲ್ಟೇಜ್ ಮತ್ತು ಆವರ್ತನವನ್ನು ರೂಪಿಸಬಲ್ಲ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಇರಬೇಕೆಂಬ ಷರತ್ತು ಹಾಕುವುದು, ಇವು ಈ ಪಟ್ಟಿಯಲ್ಲೇ ಅತ್ಯಂತ ಕಡಿಮೆ ಖರ್ಚಿನವು. ಉದ್ಘಾಟನೆಗೆ ಕಲ್ಲು ನೆಡುವಂಥ ಕೆಲಸಗಳಲ್ಲವಾದ್ದರಿಂದಲೋ ಏನೋ, ಇವು ಭಾಷಣಗಳಲ್ಲಿ ಕೇಳಿಬರುವುದು ಅಪರೂಪ.

ಸಂಜೆಯ ನಾಲ್ಕು ಗಂಟೆಗಳು

ಸೌರವಿದ್ಯುತ್ ಸಂಜೆ ನಾಲ್ಕರಿಂದ ಇಳಿಯುತ್ತಾ ಆರೂವರೆಯ ಹೊತ್ತಿಗೆ ಶೂನ್ಯವಾಗುತ್ತದೆ, ಮನೆಗಳ ಬೇಡಿಕೆ ಅದೇ ಹೊತ್ತಿಗೆ ಏರುತ್ತದೆ. ಆರರಿಂದ ಹತ್ತರವರೆಗಿನ ಈ ಗಂಟೆಗಳನ್ನು ದಾಟುವುದೇ ಇಂದು ಕರ್ನಾಟಕದ ನಿತ್ಯದ ಪರೀಕ್ಷೆ. ಆಯ್ಕೆಗಳ ನಿಜವಾದ ಪೈಪೋಟಿಯೂ ಇಲ್ಲಿಯೇ ಇದೆ.

ಮೊದಲು ಕೈಯಲ್ಲಿರುವ ನೀರನ್ನು ನೋಡೋಣ. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ, ಕಾಳಿ ಕಣಿವೆಯ ನಾಗಝರಿ, 460 ಮೆಗಾವ್ಯಾಟ್‌ನ ವಾರಾಹಿ, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಪೂರ್ಣ ಸಾಮರ್ಥ್ಯಕ್ಕೆ ಏರಬಲ್ಲ ಕೇಂದ್ರಗಳು. ಜಲವಿದ್ಯುತ್ತಿನ ಈ ಚುರುಕುತನ ಎಷ್ಟೆಂಬುದನ್ನು ಇಡೀ ದೇಶ 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಕಂಡಿತು. ಪ್ರಧಾನಿಯ ಕರೆಯಂತೆ ಜನ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ 31,000 ಮೆಗಾವ್ಯಾಟ್‌ಗಳಷ್ಟು ಥಟ್ಟನೆ ಇಳಿದು ಮತ್ತೆ ಏರಿತು; ಗ್ರಿಡ್ ಬೀಳದಂತೆ ಕಾಪಾಡಿದ್ದರಲ್ಲಿ ದೊಡ್ಡ ಪಾಲು ಅಣೆಕಟ್ಟುಗಳ ಬುಡದಲ್ಲಿ ಉತ್ಪಾದನೆಯನ್ನು ಇಳಿಸಿ ಏರಿಸಿದ ಜಲವಿದ್ಯುತ್ ಘಟಕಗಳದು. ಹಾಗಿರುವಾಗ ಲಿಂಗನಮಕ್ಕಿಯ ನೀರನ್ನು ಹಗಲಿನಲ್ಲಿ, ಸೌರವಿದ್ಯುತ್ ಹೇರಳವಾಗಿರುವ ಹೊತ್ತಿನಲ್ಲಿ, ಹರಿಸುವುದು ಶುದ್ಧ ನಷ್ಟ. ಹೊಸದಾಗಿ ಏನನ್ನೂ ಕಟ್ಟದೆ, ಇರುವ ನೀರನ್ನು ಸಂಜೆಗೆಂದೇ ಕಾದಿಡುವ ವೇಳಾಪಟ್ಟಿ ಯಾವ ಬ್ಯಾಟರಿಗಿಂತಲೂ ಅಗ್ಗ. ಕೆಳಭಾಗದ ನೀರಾವರಿ ಮತ್ತು ಕುಡಿಯುವ ನೀರಿನ ಬೇಡಿಕೆ ಇರುವ ಜಲಾಶಯಗಳಲ್ಲಿ ಈ ಸ್ವಾತಂತ್ರ್ಯ ಕಡಿಮೆ, ಪಶ್ಚಿಮಕ್ಕೆ ಹರಿಯುವ ಶರಾವತಿ ಮತ್ತು ವಾರಾಹಿಗಳಲ್ಲಿ ಹೆಚ್ಚು.

ಇನ್ನು ಬ್ಯಾಟರಿ. 2022ರಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಕರೆದ ಟೆಂಡರ್‌ನಲ್ಲಿ ಎರಡು ಗಂಟೆಯ (ಪೂರ್ಣ ಸಾಮರ್ಥ್ಯದಲ್ಲಿ ಎರಡು ಗಂಟೆ ವಿದ್ಯುತ್ ಕೊಡಬಲ್ಲ) ಬ್ಯಾಟರಿಗೆ ತಿಂಗಳಿಗೆ, ಪ್ರತಿ ಮೆಗಾವ್ಯಾಟ್‌ಗೆ, ಸುಮಾರು 10.8 ಲಕ್ಷ ರೂಪಾಯಿ ದರ ಬಂದಿತ್ತು. ನಂತರದ ವರ್ಷಗಳಲ್ಲಿ ಚೀನಾದ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳ ಬೆಲೆ ಕುಸಿದು, ಕೇಂದ್ರದ ಸಹಾಯಧನವೂ ಸೇರಿ, ಕೆಲವು ರಾಜ್ಯಗಳ ಟೆಂಡರ್‌ಗಳಲ್ಲಿ ಅದು ಎರಡೂಕಾಲು ಲಕ್ಷದ ಆಸುಪಾಸಿಗೆ ಇಳಿಯಿತು. ಇದನ್ನು ಯೂನಿಟ್ ಲೆಕ್ಕಕ್ಕೆ ತಂದು ನೋಡುವುದು ಒಳ್ಳೆಯದು. ಎರಡು ಗಂಟೆಯ ಬ್ಯಾಟರಿ ದಿನಕ್ಕೊಮ್ಮೆ ಖಾಲಿಯಾದರೆ ಒಂದು ಮೆಗಾವ್ಯಾಟ್‌ನಿಂದ ತಿಂಗಳಿಗೆ 60,000 ಯೂನಿಟ್ ಬರುತ್ತದೆ; ಹಳೆಯ ದರದಲ್ಲಿ ಸಂಗ್ರಹದ ಖರ್ಚೊಂದೇ ಯೂನಿಟ್‌ಗೆ 18 ರೂಪಾಯಿ, ಹೊಸ ದರದಲ್ಲಿ 3.75 ರೂಪಾಯಿ. ಚಾರ್ಜ್ ಮಾಡಲು ಎರಡೂವರೆ ರೂಪಾಯಿಯ ಸೌರವಿದ್ಯುತ್ ಬಳಸಿ, ನೂರಕ್ಕೆ ಹದಿನೈದು ಪಾಲು ನಷ್ಟವಾಗುತ್ತದೆಂದು ಹಿಡಿದರೆ ಅದಕ್ಕೆ ಇನ್ನೂ ಮೂರು ರೂಪಾಯಿಯಷ್ಟು ಸೇರಿ, ಸಂಜೆ ಕೈಗೆ ಸಿಗುವ ಯೂನಿಟ್ಟಿನ ಬೆಲೆ ಸುಮಾರು 6.70 ರೂಪಾಯಿ. ದಿನಕ್ಕೆ ಎರಡು ಬಾರಿ ತುಂಬಿ ಖಾಲಿ ಮಾಡಿದರೆ ಸಂಗ್ರಹದ ಖರ್ಚು ಅರ್ಧಕ್ಕಿಳಿಯುತ್ತದೆ, ಜೊತೆಗೆ ಬ್ಯಾಟರಿಯ ಸವೆತ ಹೆಚ್ಚುತ್ತದೆ. ಟೆಂಡರ್ ದರವನ್ನು ಮಾತ್ರ ಉಲ್ಲೇಖಿಸಿ, ದಿನಕ್ಕೆ ಎಷ್ಟು ಬಾರಿ ಮತ್ತು ಎಷ್ಟು ಗಂಟೆ ಎಂಬುದನ್ನು ಹೇಳದ ಹೋಲಿಕೆಯನ್ನು ನಂಬಬಾರದು.

ಬ್ಯಾಟರಿಯ ದೊಡ್ಡ ಗುಣವೆಂದರೆ ಒಂದೂವರೆ ವರ್ಷದೊಳಗೆ ಕಟ್ಟಿ ಮುಗಿಸಬಹುದು. ಸಬ್‌ಸ್ಟೇಷನ್ ಪಕ್ಕದ ನಾಲ್ಕಾರು ಎಕರೆ ಸಾಕು. ಆದರೆ ಒಪ್ಪಂದದ ಆಯುಷ್ಯ ಹನ್ನೆರಡರಿಂದ ಹದಿನೈದು ವರ್ಷ, ಕೋಶಗಳು ಆಮದು, ಮತ್ತು ಬೆಂಕಿಯ ಅಪಾಯವನ್ನು ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿಯಲ್ಲಿ ಕಟ್ಟಡದೊಳಗೆ ಜೋಡಿಸಿದ್ದ ಬ್ಯಾಟರಿಗಳಿಗೆ ಹತ್ತಿದ ಬೆಂಕಿ ಸುತ್ತಲಿನ ಜನರನ್ನು ಸ್ಥಳಾಂತರಿಸುವಂತೆ ಮಾಡಿತು. ಬಯಲಿನಲ್ಲಿ ಅಂತರವಿಟ್ಟು ಕಂಟೇನರ್‌ಗಳನ್ನು ನಿಲ್ಲಿಸುವುದು ಈಗಿನ ರೂಢಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಅವನ್ನು ತಂಪಾಗಿಡುವ ವಿದ್ಯುತ್ತಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಂಪ್ಡ್ ಸ್ಟೋರೇಜ್‌ನಲ್ಲಿ ಹಗಲಿನ ಅಗ್ಗದ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಅದನ್ನೇ ಇಳಿಸಿ ವಿದ್ಯುತ್ ಪಡೆಯಲಾಗುತ್ತದೆ. ನೂರು ಯೂನಿಟ್ ಬಳಸಿದರೆ ಎಪ್ಪತ್ತೈದರಿಂದ ಎಂಬತ್ತು ಯೂನಿಟ್ ಮರಳುತ್ತದೆ. ಇದು ಬ್ಯಾಟರಿಗಿಂತ ಕಡಿಮೆ. ಆದರೆ ಆರರಿಂದ ಎಂಟು ಗಂಟೆ ಸತತವಾಗಿ ನಡೆಯಬಲ್ಲದು, ನಾಲ್ಕು ದಶಕಕ್ಕೂ ಮೀರಿ ಬಾಳುತ್ತದೆ, ಮತ್ತು ತಿರುಗುವ ಯಂತ್ರವಾದ್ದರಿಂದ ಮೊದಲು ಹೇಳಿದ ಜಡತ್ವವನ್ನೂ ಜೊತೆಗೇ ಕೊಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಕಾಗದದಿಂದ ಕಣಿವೆಗೆ ಇಳಿದಾಗ ಭಾರತದ ಅನುಭವ ಅಷ್ಟು ಉತ್ಸಾಹದಾಯಕವಲ್ಲ. ದೇಶದಲ್ಲಿ ಸುಮಾರು 4,700 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಇದೆಯೆಂದು ಲೆಕ್ಕವಿದ್ದ ಕಾಲದಲ್ಲೂ ನೀರನ್ನು ನಿಜವಾಗಿ ಮೇಲಕ್ಕೆತ್ತುತ್ತಿದ್ದುದು ಸುಮಾರು 3,300 ಮೆಗಾವ್ಯಾಟ್ ಮಾತ್ರ. ಸರ್ದಾರ್ ಸರೋವರದಂಥಲ್ಲಿ ಹಿಂದೆಮುಂದೆ ತಿರುಗಬಲ್ಲ ಯಂತ್ರಗಳಿದ್ದರೂ ಕೆಳಗಡೆ ನೀರು ನಿಲ್ಲಿಸುವ ವ್ಯವಸ್ಥೆ ಸಮಯಕ್ಕೆ ಸಿದ್ಧವಾಗದೆ ಅವು ಸಾಧಾರಣ ಜಲವಿದ್ಯುತ್ ಘಟಕಗಳಾಗಿಯೇ ಉಳಿದವು. ತೆಹ್ರಿಯ 1,000 ಮೆಗಾವ್ಯಾಟ್ ಯೋಜನೆಯ ಮುಖ್ಯ ಗುತ್ತಿಗೆ 2011ರಲ್ಲಿ ನೀಡಲಾಗಿದ್ದರೂ ಮೊದಲ ಘಟಕ ವಿದ್ಯುತ್ ಕೊಟ್ಟದ್ದು 2025ರಲ್ಲಿ.

ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2,000 ಮೆಗಾವ್ಯಾಟ್‌ನ ಶರಾವತಿ ಯೋಜನೆಯನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಅಣೆಕಟ್ಟು ಬೇಡ, ಹೊಸ ಮುಳುಗಡೆಯಿಲ್ಲ ಎಂಬುದು ಅದರ ಪರವಾದ ಬಲವಾದ ಅಂಶ. ವಿರುದ್ಧವಾದದ್ದು, ಅದರ ಸುರಂಗಗಳು, ರಸ್ತೆಗಳು ಮತ್ತು ಭೂಗತ ವಿದ್ಯುದಾಗಾರ ಹಾದುಹೋಗುವ ಜಾಗ ಸಿಂಗಳೀಕಗಳ ಅಭಯಾರಣ್ಯ. ಪಶ್ಚಿಮ ಘಟ್ಟದ ಇಳಿಜಾರುಗಳ ಮಣ್ಣು ಸಡಿಲವಾದರೆ ಮಳೆಗಾಲದಲ್ಲಿ ಏನಾಗುತ್ತದೆಂಬುದನ್ನು ಶಿರೂರಿನ ಭೂಕುಸಿತದಲ್ಲಿ 2024ರ ಜುಲೈನಲ್ಲಿ ಎಲ್ಲರೂ ಕಂಡಿದ್ದಾರೆ. ಶರಾವತಿಯ ಮುಳುಗಡೆಯಿಂದ ಎದ್ದುಹೋದ ಕುಟುಂಬಗಳ ಭೂಮಿಯ ಪ್ರಶ್ನೆಯೇ ಆರು ದಶಕಗಳ ನಂತರವೂ ಇತ್ಯರ್ಥವಾಗದಿರುವಾಗ, ಅದೇ ಕಣಿವೆಯಿಂದ ಇನ್ನೊಂದು ತ್ಯಾಗವನ್ನು ಕೇಳುವುದು ಕೇವಲ ಎಂಜಿನಿಯರಿಂಗ್ ಪ್ರಶ್ನೆಯಲ್ಲ. ನದಿಯಿಂದ ದೂರದ ಒಣ ಗುಡ್ಡಗಳ ಮೇಲೆ ಕೊಳ ಕಟ್ಟಿ, ಒಮ್ಮೆ ತುಂಬಿದ ನೀರನ್ನೇ ಮೇಲೆ ಕೆಳಗೆ ಆಡಿಸುವ ಇನ್ನೊಂದು ಬಗೆಯಿದೆ. ಆಂಧ್ರದ ಪಿನ್ನಾಪುರಂನಲ್ಲಿ 1,680 ಮೆಗಾವ್ಯಾಟ್ ಯೋಜನೆ ಹೀಗೆಯೇ ರೂಪುಗೊಂಡಿದೆ. ಬ್ಯಾಟರಿಯ ದರ ಇಷ್ಟು ಇಳಿದಿರುವಾಗ, ಸಂಜೆಯ ನಾಲ್ಕು ಗಂಟೆಗಳಿಗಾಗಿ ಮಾತ್ರ ಘಟ್ಟದ ಕಾಡನ್ನು ಕೊರೆಯುವ ಸಮರ್ಥನೆ ನನಗೆ ದುರ್ಬಲವಾಗಿ ಕಾಣುತ್ತದೆ. ಎಂಟು ಗಂಟೆಯ, ರಾತ್ರಿಯಿಡೀ ನಡೆಯಬೇಕಾದ ಸಂಗ್ರಹಕ್ಕಾದರೆ ಪಂಪ್ಡ್ ಸ್ಟೋರೇಜ್‌ನ ಲೆಕ್ಕ ಈಗಲೂ ಗಟ್ಟಿ, ಅದೂ ಬಯಲುಸೀಮೆಯ ಗುಡ್ಡಗಳಲ್ಲಿ.

ಕಲ್ಲಿದ್ದಲಿನ ಘಟಕಗಳನ್ನು ಹಗಲು ಇಳಿಸಿ ಸಂಜೆ ಏರಿಸುವ ಮಾರ್ಗಕ್ಕೆ ಹೊಸ ಬಂಡವಾಳ ಕಡಿಮೆ. ಅವುಗಳನ್ನು ಶೇ. 55ರವರೆಗೆ, ಹಂತಹಂತವಾಗಿ ಶೇ. 40ರವರೆಗೆ ಇಳಿಸಿ ನಡೆಸಲು ಸಾಧ್ಯವಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ರಾಯಚೂರಿನ 210 ಮೆಗಾವ್ಯಾಟ್ ಘಟಕವೊಂದಕ್ಕೆ ಇದನ್ನು ಅನ್ವಯಿಸಿದರೆ ಹಗಲಿನಲ್ಲಿ 115, ಮುಂದೆ 84 ಮೆಗಾವ್ಯಾಟ್‌ಗೆ ಇಳಿದು ಸಂಜೆ ಮತ್ತೆ ಏರಬೇಕು. ನಿರಂತರವಾಗಿ ಪೂರ್ಣ ಭಾರದಲ್ಲಿ ನಡೆಯಲೆಂದು ವಿನ್ಯಾಸಗೊಂಡು, 1985ರಿಂದ ಒಂದೊಂದಾಗಿ ಕಾರ್ಯಾರಂಭ ಮಾಡಿದ ಘಟಕಗಳಿವು. ದಿನವೂ ಬಿಸಿಯಾಗಿ ತಣ್ಣಗಾಗುವ ಲೋಹ ಬೇಗ ದಣಿಯುತ್ತದೆ, ಬಾಯ್ಲರ್ ಟ್ಯೂಬ್ ಸೋರಿಕೆ ಹೆಚ್ಚುತ್ತದೆ, ಕಡಿಮೆ ಭಾರದಲ್ಲಿ ಯೂನಿಟ್‌ಗೆ ಸುಡುವ ಕಲ್ಲಿದ್ದಲೂ ಹೆಚ್ಚುತ್ತದೆ. ಯರಮರಸ್‌ನ 800 ಮೆಗಾವ್ಯಾಟ್ ಸೂಪರ್‌ಕ್ರಿಟಿಕಲ್ (ಅತಿ ಹೆಚ್ಚು ಒತ್ತಡದ ಹಬೆಯಲ್ಲಿ ನಡೆಯುವ) ಘಟಕಗಳು ಇದಕ್ಕೆ ಹೆಚ್ಚು ಸೂಕ್ತ. ಸಂಗ್ರಹ ಸಾಮರ್ಥ್ಯ ಬೆಳೆಯುವವರೆಗಿನ ಸೇತುವೆಯಾಗಿ ಈ ದಾರಿಯನ್ನು ಒಪ್ಪಬಹುದು, ಗುರಿಯಾಗಿ ಅಲ್ಲ. ಯಲಹಂಕದ 370 ಮೆಗಾವ್ಯಾಟ್ ಅನಿಲ ಸ್ಥಾವರ ಚುರುಕಾಗಿದ್ದರೂ ಆಮದು ಅನಿಲದ ದರ ಅದನ್ನು ತುರ್ತುಸ್ಥಿತಿಗೆ ಮೀಸಲಿಡುವಂತೆ ಮಾಡುತ್ತದೆ.

ಬೇಡಿಕೆಯನ್ನೇ ಜರುಗಿಸುವುದು

ಸಂಗ್ರಹಿಸಿ ಕೊಡುವುದಕ್ಕಿಂತ, ವಿದ್ಯುತ್ ಇರುವ ಹೊತ್ತಿಗೇ ಬಳಸುವುದು ಅಗ್ಗ. ಮೂವತ್ತು ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿರುವ ಕರ್ನಾಟಕದಷ್ಟು ಈ ಅವಕಾಶ ಕೆಲವೇ ರಾಜ್ಯಗಳಿಗಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್‌ಗಳ ಫೀಡರ್ ಬೇರ್ಪಟ್ಟದ್ದರಿಂದ, ಮನೆಗಳನ್ನು ಕತ್ತಲಾಗಿಸದೆ ಪಂಪ್‌ಸೆಟ್‌ಗಳ ಏಳು ಗಂಟೆಯ ತ್ರೀ ಫೇಸ್ ಸರಬರಾಜನ್ನು ಬೇಕಾದ ಹೊತ್ತಿಗೆ ಜರುಗಿಸಲು ಸಾಧ್ಯವಾಯಿತು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಗರಿಷ್ಠ ಬೇಡಿಕೆ ಹಗಲಿನಲ್ಲಿ ದಾಖಲಾಗುತ್ತಿರುವುದಕ್ಕೆ ಇದೂ ಒಂದು ಕಾರಣ. ರೈತರ ದೃಷ್ಟಿಯಿಂದಲೂ ಇದು ಲಾಭವೇ: ನಡುರಾತ್ರಿ ಹಾವು, ಕರಡಿಗಳ ಭಯದಲ್ಲಿ ಗದ್ದೆಗೆ ಹೋಗಿ ಮೋಟಾರ್ ಚಾಲೂ ಮಾಡುವ ಕಷ್ಟ ತಪ್ಪುತ್ತದೆ. ಕೃಷಿಗೆ ಸೌರವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯಡಿ ಫೀಡರ್ ಮಟ್ಟದಲ್ಲೇ ಸೌರ ಸ್ಥಾವರ ಹಾಕಿದರೆ ದೂರದ ಪ್ರಸರಣ ನಷ್ಟವೂ ಉಳಿಯುತ್ತದೆ. ಇದರ ಮಿತಿಯನ್ನೂ ಹೇಳಬೇಕು. ಎಲ್ಲ ಪಂಪ್‌ಸೆಟ್‌ಗಳನ್ನೂ ಒಂದೇ ಹೊತ್ತಿಗೆ ಹಗಲಿಗೆ ತಂದರೆ ತಾಲ್ಲೂಕು ಮಟ್ಟದ ಟ್ರಾನ್ಸ್‌ಫಾರ್ಮರ್‌ಗಳು ಆ ಭಾರವನ್ನು ತಾಳುವುದಿಲ್ಲ, ಮೋಡ ಕವಿದ ದಿನ ಪೂರೈಕೆಯೂ ಕೈಕೊಡುತ್ತದೆ.

ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರಿಗೆ ಹೊತ್ತಿಗನುಗುಣವಾದ ದರ ವಿಧಿಸುವುದು ಇದೇ ಚಿಂತನೆಯ ಮುಂದುವರಿಕೆ. ಸೌರ ಗಂಟೆಗಳಲ್ಲಿ ದರ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕೆಂದು ಕೇಂದ್ರದ 2023ರ ತಿದ್ದುಪಡಿ ನಿಯಮ ಹೇಳುತ್ತದೆ. ಬೆಂಗಳೂರಿನ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ಹಳೆಯ ನಿಯಮವನ್ನೂ ಇಲ್ಲಿಯೇ ನೆನೆಯಬೇಕು; ಬೆಳಗಿನ ಆರರಿಂದ ಎಂಟರವರೆಗಿನ ಗೀಸರ್ ಭಾರವನ್ನು ಅದು ಸದ್ದಿಲ್ಲದೆ ಇಳಿಸಿದೆ.

ಬರಗಾಲದ ತಿಂಗಳುಗಳು

ಇಲ್ಲಿಯವರೆಗೆ ಹೇಳಿದ ಯಾವುದೂ 2023ರ ಅಕ್ಟೋಬರ್‌ನಂಥ ಸ್ಥಿತಿಗೆ ಸಾಲದು. ಮುಂಗಾರು ಕೈಕೊಟ್ಟು 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಆ ವರ್ಷ, ಜಲಾಶಯಗಳು ತುಂಬಿರಲಿಲ್ಲ. ಮಳೆಯಿಲ್ಲದ ಕಾರಣಕ್ಕೇ ಪಂಪ್‌ಸೆಟ್‌ಗಳ ಬೇಡಿಕೆ ಅಕಾಲದಲ್ಲಿ ಏರಿತ್ತು. ಮುಂಗಾರಿನ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗಗಳಲ್ಲಿ ಬೀಸುವ ಗಾಳಿಯ ಹಂಗಾಮೂ ಮುಗಿದಿತ್ತು. ನಾಲ್ಕು ಗಂಟೆಯ ಬ್ಯಾಟರಿಯಾಗಲಿ, ಎಂಟು ಗಂಟೆಯ ಪಂಪ್ಡ್ ಸ್ಟೋರೇಜ್ ಆಗಲಿ ವಾರಗಟ್ಟಲೆಯ ಇಂಥ ಕೊರತೆಯನ್ನು ತುಂಬಲಾರವು, ಏಕೆಂದರೆ ಅವು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಜರುಗಿಸುತ್ತವೆ ಅಷ್ಟೆ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡುವಂತೆ ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿನಿಮಯದ ಆಧಾರದಲ್ಲಿ ವಿದ್ಯುತ್ ತರಿಸಿಕೊಂಡಿತು.

ಆ ವಿನಿಮಯ ಸಾಧ್ಯವಾದದ್ದು ಪ್ರಸರಣ ಮಾರ್ಗಗಳಿಂದ. ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದೊಂದಿಗೆ ಒಂದೇ ಆವರ್ತನದಲ್ಲಿ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅದಕ್ಕೂ ಮುನ್ನ, 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಪಾರಾದದ್ದು ಹೀಗೆ ಕೂಡಿಕೊಂಡಿರದ ಕಾರಣದಿಂದಲೇ. ಆದರೂ ಒಟ್ಟಾರೆ ಲೆಕ್ಕದಲ್ಲಿ ಕೂಡಿಕೊಂಡದ್ದರ ಲಾಭ ದೊಡ್ಡದು: ಪಂಜಾಬಿನ ಬೇಡಿಕೆ ಭತ್ತದ ನಾಟಿಯ ಜೂನ್, ಜುಲೈಗಳಲ್ಲಿ ಏರುತ್ತದೆ, ಆಗ ಕರ್ನಾಟಕದಲ್ಲಿ ಗಾಳಿ ಹೇರಳ, ಕರ್ನಾಟಕದ ಬೇಡಿಕೆ ಫೆಬ್ರವರಿ, ಮಾರ್ಚ್‌ಗಳಲ್ಲಿ ಏರುತ್ತದೆ, ಆಗ ಅಲ್ಲಿ ಬಿಡುವು. ಋತುಮಾನದ ಕೊರತೆಗೆ ಕಲ್ಲಿದ್ದಲಿನ ದಾಸ್ತಾನು ಮತ್ತು ಇಂಥ ಕೊಡುಕೊಳ್ಳುವಿಕೆಯೇ ಈಗಿರುವ ಭದ್ರ ಉಪಾಯಗಳು. ರಾಯಚೂರಿನ ಹಳೆಯ ಘಟಕಗಳನ್ನು ಪೂರ್ತಿ ಕಳಚಿಹಾಕುವ ಬದಲು ಒಂದೆರಡನ್ನಾದರೂ ಬೇಸಿಗೆಗೆಂದು ಸುಸ್ಥಿತಿಯಲ್ಲಿ ಉಳಿಸಿಕೊಳ್ಳುವುದಕ್ಕೆ ಇಲ್ಲಿ ಸಮರ್ಥನೆ ಸಿಗುತ್ತದೆ. ಮಾರ್ಗಗಳು ಹಿಂದುಳಿದರೆ ಏನಾಗುತ್ತದೆಂಬುದಕ್ಕೆ ರಾಜಸ್ಥಾನವೇ ಉದಾಹರಣೆ. ಅಲ್ಲಿ ಸೌರ ಸ್ಥಾವರಗಳು ಸಿದ್ಧವಿದ್ದೂ ಸಾಗಿಸಲು ದಾರಿಯಿಲ್ಲದೆ 2025ರಲ್ಲಿ ಉತ್ಪಾದನೆಯನ್ನು ಕಡಿತಗೊಳಿಸಬೇಕಾಯಿತು.

ಮುಂದಿನ ರೂಪಾಯಿ ಎಲ್ಲಿಗೆ

ಹಾಗಾದರೆ ಕರ್ನಾಟಕದಂಥ ರಾಜ್ಯ ಹಣ ಹೂಡಬೇಕಾದ ಕ್ರಮ ಯಾವುದು? ಇನ್ವರ್ಟರ್ ಸೆಟ್ಟಿಂಗ್‌ಗಳ ಪರಿಶೀಲನೆ, ಜಲವಿದ್ಯುತ್ತನ್ನು ಸಂಜೆಗೆ ಮೀಸಲಿಡುವುದು ಮತ್ತು ಪಂಪ್‌ಸೆಟ್‌ಗಳ ವೇಳೆ ಬದಲಾವಣೆ, ಈ ಮೂರನ್ನು ಮುಗಿಸುವ ಮುನ್ನ ದೊಡ್ಡ ಸಂಗ್ರಹ ಯೋಜನೆಗಳ ಗಾತ್ರವನ್ನು ನಿರ್ಧರಿಸುವುದೇ ತಪ್ಪು, ಏಕೆಂದರೆ ಎಷ್ಟು ಕೊರತೆ ಉಳಿಯುತ್ತದೆಂಬುದು ಅಲ್ಲಿಯವರೆಗೆ ತಿಳಿಯುವುದಿಲ್ಲ. ಅನಂತರ ಎರಡರಿಂದ ನಾಲ್ಕು ಗಂಟೆಯ ಬ್ಯಾಟರಿಗಳನ್ನು ಒಂದೇ ಬಾರಿಗೆ ಕೊಳ್ಳದೆ ವರ್ಷವರ್ಷವೂ ಕಂತಿನಲ್ಲಿ ಕೊಳ್ಳಬೇಕು. ದರ ಇಳಿಯುತ್ತಿರುವ ಸರಕಿಗೆ ಹದಿನೈದು ವರ್ಷದ ಒಪ್ಪಂದವನ್ನು ಇಡಿಯಾಗಿ ಇಂದೇ ಬರೆದುಕೊಡುವುದು ಜಾಣತನವಲ್ಲ.

ಬ್ಯಾಟರಿಯನ್ನು ಎಲ್ಲಿಡಬೇಕೆಂಬುದು ಎಷ್ಟು ಕೊಳ್ಳಬೇಕೆಂಬಷ್ಟೇ ಮುಖ್ಯ, ಟೆಂಡರ್ ದಾಖಲೆಗಳಲ್ಲಿ ಅದಕ್ಕೆ ಸಿಗುವ ಗಮನ ಮಾತ್ರ ಕಡಿಮೆ. ಪಾವಗಡದ ಪಕ್ಕದಲ್ಲಿಟ್ಟರೆ ಅದು ಮಧ್ಯಾಹ್ನದ ಹೆಚ್ಚುವರಿ ಸೌರವಿದ್ಯುತ್ತನ್ನು ಅಲ್ಲಿಯೇ ಹೀರಿಕೊಂಡು, ಹಗಲು ತುಂಬಿ ರಾತ್ರಿ ಖಾಲಿ ಬಿದ್ದಿರುವ ಪ್ರಸರಣ ಮಾರ್ಗವನ್ನೇ ಸಂಜೆಯೂ ಬಳಸುತ್ತದೆ. ಹೊಸ ಮಾರ್ಗದ ಖರ್ಚು ಉಳಿಯುತ್ತದೆ. ಬೆಂಗಳೂರಿನ ಹೊರವಲಯದ ಸಬ್‌ಸ್ಟೇಷನ್‌ನಲ್ಲಿಟ್ಟರೆ ಸಂಜೆಯ ಭಾರವನ್ನು ನಗರದ ಬಾಗಿಲಲ್ಲೇ ಹೊತ್ತುಕೊಂಡು ಅಲ್ಲಿನ ಟ್ರಾನ್ಸ್‌ಫಾರ್ಮರ್‌ಗಳನ್ನು ಉಳಿಸುತ್ತದೆ, ವೋಲ್ಟೇಜ್‌ಗೂ ಆಸರೆಯಾಗುತ್ತದೆ, ಆದರೆ ಹಗಲಿನಲ್ಲಿ ಚಾರ್ಜ್ ಆಗಲು ಈಗಾಗಲೇ ಭಾರ ಹೊತ್ತ ಮಾರ್ಗಗಳ ಮೇಲೆಯೇ ಅವಲಂಬಿಸುತ್ತದೆ. ಕಡಿತಕ್ಕೆ ಗುರಿಯಾಗುತ್ತಿರುವ ಸೌರ ಪಾರ್ಕ್‌ಗಳ ಬಳಿ ಮೊದಲನೆಯದನ್ನೂ, ನಗರದ ಯಾವ ಸಬ್‌ಸ್ಟೇಷನ್‌ನ ಟ್ರಾನ್ಸ್‌ಫಾರ್ಮರ್ ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಮಿತಿ ಮುಟ್ಟುತ್ತದೋ ಅಲ್ಲಿ ಎರಡನೆಯದನ್ನೂ ಆರಿಸಬೇಕು. ಎಸ್ಕಾಂಗಳ ಬಳಿ ಹದಿನೈದು ನಿಮಿಷಕ್ಕೊಮ್ಮೆ ದಾಖಲಾಗುವ ಮೀಟರ್ ಅಂಕಿಗಳಲ್ಲೇ ಇದರ ಉತ್ತರವಿದೆ, ಟೆಂಡರ್ ಕರೆಯುವ ಮುನ್ನ ಅವನ್ನು ತೆರೆದು ನೋಡಬೇಕಷ್ಟೆ.